ಗಂಜಿ ಹಾಕಿದ ಪ್ಯಾರಾಶೂಟು

ನಾನು ಜೀವಮಾನದಲ್ಲಿ ಜಿಗಿದ ಅತಿ ಹೆಚ್ಚಿನ ಎತ್ತರವೆಂದರೆ ಬಸ್ಸಿನ ಹಿಂಬಾಗಿಲ ಮೆಟ್ಟಿಲು. ಅದೂ ಬಸ್ಸು ಪೂರ್ತಿ ನಿಂತು, ಕಂಡಕ್ಟರು ಎರಡು ಸಲ ಗದರಿದ ಮೇಲೆ. ಇಂಥವನ ಬಳಿ ಪ್ಯಾರಾಶೂಟಿನ ಬಗ್ಗೆ ಬುದ್ಧಿಮಾತು ಕೇಳಲು ಜನ ಬರುತ್ತಾರೆಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಕಡೆಯ ಕೆಲವರು ಈಚೆಗೆ ಸೈನ್ಯದ ಪ್ಯಾರಾಶೂಟು ಪಡೆಗೆ ಸೇರಿದ್ದಾರೆ. ಅವರ ಅಪ್ಪಂದಿರೋ ಮಾವಂದಿರೋ ಬಂಟ್ವಾಳದ ನನ್ನ ಕೋಣೆಗೆ ಬಂದು, "ಹೊಸತಾಗಿ ಹಾರುವವರು ಏನೇನು ನೋಡಿಕೊಳ್ಳಬೇಕು ಅಂತ ಒಂದು ಕಾಗದದಲ್ಲಿ ಬರೆದುಕೊಡಿ" ಎನ್ನುತ್ತಾರೆ. ನಾನು ಗಂಭೀರವಾಗಿ ಬರೆದುಕೊಡುತ್ತೇನೆ. ನನಗೆ ತಿಳಿದದ್ದೆಲ್ಲ ಐದಾರು ವರ್ಷಗಳ ಹಿಂದೆ ಮೂಡುಬಿದಿರೆಯ ಒಂದು ಅಂಗಳದಲ್ಲಿ, ಒಂದೇ ಬೆಳಗಿನಲ್ಲಿ ಕಲಿತದ್ದು. ಕಲಿಯುವಾಗ ಅಂಗೈ ಬೆವರಿ ಪೆನ್ಸಿಲು ಜಾರುತ್ತಿತ್ತು.

ಹಾರುವುದು ನಮ್ಮವರಿಗೆ ಹೊಸತಲ್ಲ. ಪುರಾಣಗಳಲ್ಲಿ ಕಡಲು ಹಾರಿದವರಿದ್ದಾರೆ, ರಥದೊಡನೆ ಆಕಾಶಕ್ಕೇರಿದವರಿದ್ದಾರೆ. ಆದರೆ ಏರಿದ್ದನ್ನು ಹತ್ತು ಪದ್ಯಗಳಲ್ಲಿ ಹೇಳುವ ಕವಿ, ಇಳಿದದ್ದನ್ನು 'ಬಂದಿಳಿದನು' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾನೆ. ಇಳಿಯುವ ಶಾಸ್ತ್ರವನ್ನು ಸ್ವಲ್ಪವಾದರೂ ಬಲ್ಲವರು ನಮ್ಮ ಯಕ್ಷಗಾನದ ವೇಷಧಾರಿಗಳು. ದಿಗಿಣ ಹಾರಿ ನೆಲ ಮುಟ್ಟುವಾಗ ಅವರ ಮೊಣಕಾಲು ಎಂದೂ ನೆಟ್ಟಗಿರುವುದಿಲ್ಲ. ನೆಟ್ಟಗಿಟ್ಟವರು ಮರುವರ್ಷ ಮೇಳದಲ್ಲಿರುವುದಿಲ್ಲ.

ಮೂಡುಬಿದಿರೆಯ ಪದ್ಮರಾಜರು ವೇಷಧಾರಿಯೂ ಅಲ್ಲ, ಸೈನಿಕರೂ ಅಲ್ಲ. ಮದುವೆಗಳಿಗೆ ಚಪ್ಪರದ ಸಾಮಾನು ಬಾಡಿಗೆಗೆ ಕೊಡುವವರು. ವಯಸ್ಸು ನಲವತ್ತರ ಹತ್ತಿರ, ಮಾತು ಇಪ್ಪತ್ತರದ್ದು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರ ಹಳೆಯ ಸಾಮಾನಿನ ಹರಾಜಿನಲ್ಲಿ ಅವರ ತಂದೆ ಒಂದು ಕೆಂಪು ಪ್ಯಾರಾಶೂಟು ತಂದಿದ್ದರು. ಅದು ಊರಿನ ಎಷ್ಟೋ ಮದುವೆಗಳಿಗೆ ಮೇಲ್ಕಟ್ಟಾಗಿತ್ತು. ಅದರ ಕೆಳಗೆ ಧಾರೆಯಾದವರ ಮಕ್ಕಳು ಆಗಲೇ ಶಾಲೆಗೆ ಹೋಗುತ್ತಿದ್ದರು.

ನವರಾತ್ರಿ ಕಳೆದ ಮೇಲಿನ ಒಂದು ಮಧ್ಯಾಹ್ನ. ಬೆಳ್ತಂಗಡಿಯ ಹೋಟೆಲೊಂದರಲ್ಲಿ ನಾವಿಬ್ಬರೂ ಚಹಾ ಕುಡಿಯುತ್ತಿದ್ದೆವು. ಕಿಟಕಿಯಾಚೆ ಗಡಾಯಿಕಲ್ಲು ಕಾಣುತ್ತಿತ್ತು. ಕಾಡಿನ ನಡುವಿನಿಂದ ಎದ್ದು ನಿಂತ ಒಂಟಿ ಬಂಡೆ ಅದು. ನೆತ್ತಿಯಲ್ಲೊಂದು ಹಳೆಯ ಕೋಟೆ. ಹಿಂದಿನ ಕಾಲದಲ್ಲಿ ಖೈದಿಗಳನ್ನು ಆ ತುದಿಯಿಂದ ಕೆಳಕ್ಕೆ ದೂಡುತ್ತಿದ್ದರೆಂದು ಪ್ರತೀತಿ. ಪಕ್ಕದ ಬೆಂಚಿನವರು ಯಾರೋ ಆ ಕಥೆ ಎತ್ತಿದರು. ಪದ್ಮರಾಜರು ಲೋಟ ಕೆಳಗಿಟ್ಟರು.

"ನಮ್ಮ ಪ್ಯಾರಾಶೂಟು ಕಟ್ಟಿಕೊಂಡರೆ ಅಲ್ಲಿಂದ ಹೂವಿನ ಹಾಗೆ ಇಳಿಯಬಹುದು ಮಾರಾಯ್ರೆ. ಯಾರೂ ಬೇಡ, ನಾನೇ ಇಳೀತೇನೆ. ಬರುವ ಭಾನುವಾರವೇ."

"ಬರೆದುಕೊಳ್ಳಲಾ?" ಎಂದು ಕೇಳಿದೆ.

"ಬರೆಯಿರಿ. ಹೆಸರು ಮಾತ್ರ ಸರಿ ಬರೆಯಿರಿ."

ಯಾರು, ಎಲ್ಲಿ, ಯಾವಾಗ ಎಂದು ಕೇಳದೆ ಸುದ್ದಿ ಕಳುಹಿಸಬಾರದೆಂದು, ಬಂಟ್ವಾಳದ ಬಾತ್ಮೀದಾರನಾಗಿದ್ದ ನನಗೆ ಮಂಗಳೂರಿನ ಪತ್ರಿಕೆಯವರು ಕಲಿಸಿದ್ದರು. ಮೂರಕ್ಕೂ ಉತ್ತರವಿತ್ತು. ಯಾವುದನ್ನು ನಂಬಿ ಹಾರುತ್ತೀರಿ, ಅದು ಯಾವ ಸ್ಥಿತಿಯಲ್ಲಿದೆ ಎಂದು ಕೇಳಲು ಯಾರೂ ಕಲಿಸಿರಲಿಲ್ಲ. 'ಇಳಿಯಲಿದ್ದಾರೆ' ಎಂದು ನಾಲ್ಕು ಸಾಲು ಬರೆದು ಕಳುಹಿಸಿದೆ. ಮಂಗಳವಾರ ಅಚ್ಚಾಯಿತು.

ಬುಧವಾರದ ಹೊತ್ತಿಗೆ ಬಸ್ಸಿನವರು ಭಾನುವಾರಕ್ಕೆ ಹೆಚ್ಚಿನ ಬಸ್ಸು ಬಿಡುವ ಮಾತಾಡುತ್ತಿದ್ದರು. ಶಿರ್ತಾಡಿಯಲ್ಲಿ ಒಂದು ಮನೆಯವರು ನಿಶ್ಚಿತಾರ್ಥವನ್ನೇ ಮುಂದೆ ಹಾಕಿದರಂತೆ. ಪದ್ಮರಾಜರು ಪೇಟೆಯಲ್ಲಿ ನಡೆದರೆ ಎದುರಾದವರು ಕೈಮುಗಿಯತೊಡಗಿದರು. ಆ ಕೈಮುಗಿಯುವುದು ನನಗೆ ಹಿಡಿಸಲಿಲ್ಲ. ನಾಳೆಯೂ ಅಂಗಡಿ ತೆರೆಯಲಿರುವ ವ್ಯಾಪಾರಿಗೆ ನಮ್ಮೂರಿನಲ್ಲಿ ಯಾರೂ ಅಷ್ಟು ಭಕ್ತಿಯಿಂದ ಕೈಮುಗಿಯುವುದಿಲ್ಲ.

ಗುರುವಾರ ಬೆಳಿಗ್ಗೆ ಪುಂಜಾಲಕಟ್ಟೆಗೆ ಹೋದೆ. ಅಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಹವಾಲ್ದಾರ್ ಸಂಜೀವ ಸೈನ್ಯದಲ್ಲಿದ್ದಾಗ ವಿಮಾನದಿಂದ ಹಾರುತ್ತಿದ್ದವರು. ಕೊನೆಯ ಸಲ ಇಳಿದದ್ದು ಸ್ವಲ್ಪ ಹೆಚ್ಚುಕಡಿಮೆಯಾಗಿ ಎಡಗಾಲು ಎಳೆಯುತ್ತಿತ್ತು. ವಿಷಯ ಹೇಳಿದೆ. ಕೈ ಒರೆಸಿಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕೇಳಿದ್ದು ಒಂದೇ ಪ್ರಶ್ನೆ: "ಅದನ್ನು ಮಡಚಿದ್ದು ಯಾರು?" ನನಗೆ ಗೊತ್ತಿರಲಿಲ್ಲ.

ಪದ್ಮರಾಜರ ಅಂಗಳದಲ್ಲಿ ಮರದ ಪೆಟ್ಟಿಗೆ ತೆರೆದರು. ನುಸಿಗುಳಿಗೆಯ ವಾಸನೆಯ ನಡುವೆ ಕೆಂಪು ಬಟ್ಟೆ ಇಸ್ತ್ರಿ ಮಾಡಿದ ಪಂಚೆಯ ಹಾಗೆ ಗೆರೆಗೆರೆಯಾಗಿ ಕುಳಿತಿತ್ತು. ಸಂಜೀವ ಒಂದು ಅಂಚು ಹಿಡಿದು ಎಳೆದರು. ಬಟ್ಟೆ ಬಿಚ್ಚಿಕೊಳ್ಳಲಿಲ್ಲ. ಇನ್ನೊಮ್ಮೆ ಎಳೆದಾಗ ಪರಪರ ಸದ್ದು ಮಾಡಿ, ಒಂದಕ್ಕೊಂದು ಅಂಟಿದ ಹಪ್ಪಳದ ಹಾಗೆ ಒಂದು ಮಡಿಕೆ ಎದ್ದು ಬಂತು.

"ಇದಕ್ಕೆ ಏನು ಹಾಕಿದ್ದೀರಿ?"

"ಗಂಜಿ" ಎಂದರು ಪದ್ಮರಾಜರ ಹೆಂಡತಿ ವಿಮಲಮ್ಮ, ಬಾಗಿಲಲ್ಲಿ ನಿಂತು. "ಗಂಜಿ ಹಾಕದಿದ್ದರೆ ಮದುವೆಯಲ್ಲಿ ಜೋಲು ಬೀಳ್ತದೆ. ಪ್ರತಿ ಸಲವೂ ಹಾಕ್ತೇವೆ."

"ಅಕ್ಕಾ, ಹಾರಿದವ ಮೂರೋ ನಾಲ್ಕೋ ಎಣಿಸುವುದರೊಳಗೆ ಇದು ಬಿಚ್ಚಿಕೊಳ್ಳಬೇಕು. ಇದನ್ನು ಬಿಚ್ಚಲಿಕ್ಕೆ ನನಗೇ ಇಲ್ಲಿ ಇಷ್ಟು ಹೊತ್ತು ಹಿಡೀತು. ಮಡಚಿದ್ದು ಯಾರು?"

"ನಾನೇ."

"ನಮ್ಮಲ್ಲಿ ಒಂದು ಕ್ರಮ ಉಂಟು. ಮಡಚಿದವರಿಗೆ ಯಾವಾಗ ಬೇಕಾದರೂ, ನೀನು ಮಡಚಿದ್ದನ್ನು ನೀನೇ ಕಟ್ಟಿಕೊಂಡು ಹಾರು ಅಂತ ಹೇಳ್ತಾರೆ."

"ಆಯಿತಪ್ಪ, ನಾನೇ ಹಾರ್ತೇನೆ. ಇವರು ಮನೆಯಲ್ಲಿದ್ದು ಸಾರಿಗೆ ಒಗ್ಗರಣೆ ಹಾಕ್ಲಿ. ಅದಕ್ಕೂ ಧೈರ್ಯ ಬೇಕು" ಎಂದರು ವಿಮಲಮ್ಮ. ಬಾಯಿ ಹಾಸ್ಯ ಮಾಡುತ್ತಿತ್ತು. ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

ಬಟ್ಟೆಯನ್ನು ಅಂಗಳ ತುಂಬ ಹರಡಿದರು. ನೆತ್ತಿಯಲ್ಲಿ ದರ್ಜಿ ಹೊಲಿದ ಒಂದು ದುಂಡು ತೇಪೆ ಇತ್ತು. ಅಲ್ಲಿ ಮೊದಲು ತೂತಿತ್ತಂತೆ. ಒಂದು ಮದುವೆಯಲ್ಲಿ ಅಕಾಲದ ಮಳೆ ಬಂದು, ಧಾರೆಯ ಹೊತ್ತಿಗೆ ಸರಿಯಾಗಿ ಮದುಮಗನ ಪೇಟದ ಮೇಲೆ ನೀರು ಸುರಿಯಿತಂತೆ. ಮರುದಿನವೇ ತೂತು ಮುಚ್ಚಿಸಿದರು.

"ಆ ತೂತು ಹರಿದದ್ದಲ್ಲ, ಇಟ್ಟದ್ದು" ಎಂದರು ಸಂಜೀವ. "ಒಳಗೆ ತುಂಬಿದ ಗಾಳಿ ಅದರಲ್ಲಿ ಸ್ವಲ್ಪ ಸ್ವಲ್ಪ ಹೊರಗೆ ಹೋಗಬೇಕು. ಹೋಗದಿದ್ದರೆ ನೀವು ತೊಟ್ಟಿಲಿನ ಹಾಗೆ ತೂಗ್ತೀರಿ. ತೂಗಿದರೆ ಪಕ್ಕದಲ್ಲಿ ಬಂಡೆ ಉಂಟಲ್ಲ?"

ಆಮೇಲೆ ಅವರು ನೆಲದಲ್ಲಿ ಕೂತು ಹಗ್ಗಗಳನ್ನು ಒಂದೊಂದಾಗಿ ಬೆರಳ ನಡುವೆ ಹಾಯಿಸತೊಡಗಿದರು. ಹೊಸಬರಿಗೆ ನಾನು ಇಂದಿಗೂ ಮೊದಲು ಬರೆದುಕೊಡುವುದು ಇದನ್ನೇ: ಕಣ್ಣನ್ನು ನಂಬಬೇಡಿ, ಬೆರಳನ್ನು ನಂಬಿ. ತುದಿಯಿಂದ ಬುಡದವರೆಗೆ ಮುಟ್ಟಿ ನೋಡಿ, ಒಂದನ್ನೂ ಬಿಡಬೇಡಿ, ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ ಸುರುಮಾಡಿ. ಸಂಜೀವ ಹಾಗೆಯೇ ಮಾಡಿದರು. ಪದ್ಮರಾಜರು ಎರಡು ಸಲ ಬಾಯಿ ಹಾಕಿದರು, ಅವರು ಎರಡು ಸಲವೂ ಮೊದಲಿನಿಂದ ಸುರುಮಾಡಿದರು. ಮೂರನೆಯ ಸಲ ಒಂದು ಕಡೆ ಬೆರಳು ನಿಂತಿತು. ಅಲ್ಲಿದ್ದುದು ತೆಂಗಿನ ನಾರಿನ ಹುರಿಹಗ್ಗ.

"ಬಾವಿಯ ಹಗ್ಗ ತುಂಡಾಗಿತ್ತು" ಎಂದರು ವಿಮಲಮ್ಮ ಸಣ್ಣ ದನಿಯಲ್ಲಿ. "ಇದರದ್ದು ಗಟ್ಟಿ ಅಂತ ನಾಲ್ಕು ತೆಗೆದೆವು. ಲೆಕ್ಕಕ್ಕೆ ಕಡಿಮೆಯಾಗಬಾರದಲ್ಲ, ಅದಕ್ಕೆ ಹುರಿಹಗ್ಗ ಕಟ್ಟಿದೆವು."

ಸಂಜೀವ ಎದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ಇನ್ನಷ್ಟು ದಿಗಿಲು ಹುಟ್ಟಿಸಿತು.

"ಪದ್ಮಣ್ಣ, ಇದೆಲ್ಲ ಸರಿ ಇದ್ದರೂ ಪ್ರಯೋಜನ ಇರಲಿಲ್ಲ. ಇದು ಮನುಷ್ಯರದ್ದಲ್ಲ. ಯುದ್ಧದಲ್ಲಿ ಕಾಡಿನಲ್ಲಿದ್ದವರಿಗೆ ವಿಮಾನದಿಂದ ಅಕ್ಕಿಮೂಟೆ ಇಳಿಸುವ ಹತ್ತಿಬಟ್ಟೆಯ ಕೊಡೆ. ಯಾವುದರಲ್ಲಿ ಏನು ಉಂಟು ಅಂತ ಕೆಳಗಿನವರಿಗೆ ಗೊತ್ತಾಗಲಿಕ್ಕೆ ಬಣ್ಣ. ಮನುಷ್ಯರದ್ದಕ್ಕೆ ತೊಡೆಗೆ, ಎದೆಗೆ ಪಟ್ಟಿ ಉಂಟು, ಎದೆಯ ಮೇಲೆ ಇನ್ನೊಂದು ಸಣ್ಣ ಕೊಡೆ ಉಂಟು. ಅಕ್ಕಿಮೂಟೆಗೆ ಅದೆಲ್ಲ ಬೇಡ. ಮೂಟೆಗೆ ಕಾಲೂ ಇಲ್ಲ, ಮುರಿಯುವುದೂ ಇಲ್ಲ."

"ನಾನು ಬೆನ್ನಿಗೆ ಗಟ್ಟಿ ಕಟ್ಟಿಕೊಳ್ತೇನೆ. ಬಟ್ಟೆ ತೊಳೆಸುವ, ಹಗ್ಗ ಬದಲಾಯಿಸುವ, ಇನ್ನೂ ಮೂರು ದಿನ ಉಂಟಲ್ಲ ಹವಾಲ್ದಾರ್ರೆ?"

"ನಾವು ವಿಮಾನದಿಂದ ಹಾರಿದರೆ ವಿಮಾನ ಮುಂದೆ ಹೋಗ್ತದೆ. ಬಂಡೆ ಅಲ್ಲೇ ನಿಲ್ತದೆ."

ಸಂಜೀವ ಅಷ್ಟಕ್ಕೇ ಬಿಡದೆ, ಇಳಿಯುವಾಗ ಪಾದ ಎರಡೂ ಜೋಡಿಸಬೇಕು, ಮೊಣಕಾಲು ಮಡಚಬೇಕು, ನೆಲವನ್ನೇ ನೋಡಬಾರದು, ದೂರ ನೋಡಬೇಕು, ನೆಲ ಮುಟ್ಟಿದ ಕೂಡಲೇ ಪಕ್ಕಕ್ಕೆ ಉರುಳಬೇಕು ಎಂದು ಒಂದೊಂದನ್ನೂ ಅಭಿನಯಿಸಿ ತೋರಿಸಿದರು. ಕುಂಟುಗಾಲಿನವರು ಅಂಗಳದ ಮಣ್ಣಿನಲ್ಲಿ ಉರುಳಿ ಎದ್ದದ್ದನ್ನು ಕಂಡು ನಗಬೇಕಿತ್ತು. ಯಾರಿಗೂ ನಗು ಬರಲಿಲ್ಲ. ಗಾಳಿ ಜೋರಿದ್ದರೆ ಎಷ್ಟು ದೊಡ್ಡ ಅಧಿಕಾರಿ ಹೇಳಿದರೂ ತಾನು ಹಾರಲಾರೆ ಎನ್ನುತ್ತಿದ್ದ ಗೆಳೆಯನೊಬ್ಬನಿದ್ದನಂತೆ. "ಅವನಿಗೆ ನಾವೆಲ್ಲ ಪುಕ್ಕಲ ಅಂತ ಹೆಸರಿಟ್ಟಿದ್ದೆವು. ಅವನ ಎರಡು ಕಾಲೂ ನೆಟ್ಟಗುಂಟು" ಎಂದರು.

ಪದ್ಮರಾಜರು ಕೇಳಿಸಿಕೊಂಡರು. ಕೊನೆಗೆ ನನ್ನತ್ತ ತಿರುಗಿ, "ಪೇಪರಿನಲ್ಲಿ ಬಂದಿದೆ. ಹಾರದಿದ್ದರೆ ನಾನು ಊರಿನಲ್ಲಿ ಮುಖ ಎತ್ತುವುದು ಹೇಗೆ? ಒಂದು ಹೇಳ್ತೇನೆ. ಪದ್ಮರಾಜ ಹೆದರಿದ ಅಂತ ಒಂದು ಅಕ್ಷರ ಬಂದರೆ, ಓಲೆಕೊಡೆ ಹಿಡಿದಾದರೂ ಹಾರ್ತೇನೆ" ಎಂದರು. ಅದು ಹೋಟೆಲಿನಲ್ಲಿ ಆಡಿದ ಮಾತಿನಂತಿರಲಿಲ್ಲ.

ವಿಮಲಮ್ಮ ಬೇಲಿಯ ದಣಪೆಯವರೆಗೆ ನನ್ನ ಹಿಂದೆಯೇ ಬಂದರು. "ನಾಲ್ಕು ಸಾಲು ಬರೆದು ನೀವು ಇವರನ್ನು ಮೇಲೆ ಹತ್ತಿಸಿದಿರಿ. ಇಳಿಸುವುದು ಯಾರು?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಶನಿವಾರದ ಪತ್ರಿಕೆಗೆ ಸುದ್ದಿ ಸೇರಬೇಕಾದರೆ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಯ ಮಂಗಳೂರು ಬಸ್ಸಿನ ಕಂಡಕ್ಟರರ ಕೈಯಲ್ಲಿ ನನ್ನ ಲಕೋಟೆ ಇರಬೇಕು. ಅದು ನಮ್ಮಂಥ ಹೊರ ಊರಿನ ಬಾತ್ಮೀದಾರರ ಪದ್ಧತಿ. ಒಂದು ಗಂಟೆಗೇ ಬಂಟ್ವಾಳದ ಬಸ್ ನಿಲ್ದಾಣದಲ್ಲಿ ಕೂತು, ತೊಡೆಯ ಮೇಲೆ ಕಾಗದ ಇಟ್ಟು ಬರೆಯತೊಡಗಿದೆ. 'ಪ್ಯಾರಾಶೂಟು ಯೋಗ್ಯವಲ್ಲವೆಂದು ಕಂಡುಬಂದುದರಿಂದ' ಎಂದು ಆರಂಭಿಸಿದೆ. ಸತ್ಯ. ಆದರೆ ಇದನ್ನು ಓದುವ ಊರು 'ಹೆದರಿದ' ಎಂದೇ ಓದುತ್ತದೆ, ಪದ್ಮರಾಜರು ಹಾರಿಯೇ ಹಾರುತ್ತಾರೆ. ಹರಿದೆ. 'ಮುಂದೂಡಲಾಗಿದೆ' ಎಂದು ಬರೆದೆ. ಹಾಗಾದರೆ ಸಾವನ್ನು ಇನ್ನೊಂದು ಭಾನುವಾರಕ್ಕೆ ಹಾಕಿದಂತಾಯಿತು, ಅಷ್ಟೆ. ಅದನ್ನೂ ಹರಿದೆ. ಡ್ರೈವರು ಹಾರ್ನ್ ಒತ್ತಿದ.

ಬಾತ್ಮೀದಾರನಾಗಿ ಹನ್ನೊಂದು ವರ್ಷಗಳಲ್ಲಿ ನನ್ನ ಒಂದು ಸುದ್ದಿಗೂ ತಿದ್ದುಪಡಿ ಬಂದಿರಲಿಲ್ಲ. ಇನ್ನೊಬ್ಬರಿಗೆ ಚಿಕ್ಕದಾಗಿ ಕಾಣಬಹುದು. ಹೊಲ ಮನೆ ಯಾವುದೂ ಇಲ್ಲದವನಿಗೆ ಅದೇ ಆಸ್ತಿ. ಮೂರನೆಯ ಕಾಗದದಲ್ಲಿ ಹೀಗೆ ಬರೆದೆ: 'ಮೂಡುಬಿದಿರೆಯ ಶ್ರೀ ಪದ್ಮರಾಜರು ಗಡಾಯಿಕಲ್ಲಿನಿಂದ ಇಳಿಯಲಿದ್ದಾರೆಂದು ಪ್ರಕಟವಾದುದು ನಮ್ಮ ಬಾತ್ಮೀದಾರರ ತಪ್ಪು ಗ್ರಹಿಕೆಯಿಂದ. ಅವರು ತಮ್ಮಲ್ಲಿರುವ ಪ್ಯಾರಾಶೂಟನ್ನು ಬಂಡೆಯ ಬುಡದಲ್ಲಿ ಸಾರ್ವಜನಿಕರಿಗೆ ತೋರಿಸಲಿರುವರು. ಓದುಗರಿಗಾದ ತೊಂದರೆಗೆ ವಿಷಾದಿಸುತ್ತೇವೆ.' ಬಸ್ಸು ಚಲಿಸಿತ್ತು. ಓಡಿ ಹೋಗಿ ಲಕೋಟೆಯನ್ನು ಕಂಡಕ್ಟರರ ಕೈಗೆ ತುರುಕಿದೆ. ನಾನು ಪತ್ರಿಕೆಗೆ ಕಳುಹಿಸಿದ ಸುಳ್ಳು ಅದೊಂದೇ, ಅದೂ ತಿದ್ದುಪಡಿಯ ರೂಪದಲ್ಲಿ. ಆಮೇಲೆ ಸಂಪಾದಕರಿಂದ ಬಂದ ಕಾರ್ಡಿನಲ್ಲಿದ್ದುದು ಒಂದೇ ಪದ: 'ಜಾಗ್ರತೆ.' ಅದನ್ನು ನಾನೂ ಹೊಸಬರ ಕಾಗದದಲ್ಲಿ ಸೇರಿಸಿದ್ದೇನೆ.

ಭಾನುವಾರ ಹತ್ತು ಗಂಟೆಗೆ ಗಡಾಯಿಕಲ್ಲಿನ ಬುಡದಲ್ಲಿ ಜಾತ್ರೆಯಂತೆ ಜನ. ಸುದ್ದಿಯನ್ನು ಎಲ್ಲರೂ ಓದುತ್ತಾರೆ, ತಿದ್ದುಪಡಿಯನ್ನು ಯಾರೂ ಓದುವುದಿಲ್ಲ. ನಾನೂ ಸಂಜೀವರೂ ಒಂದು ಕಲ್ಲಿನ ಮೇಲೆ ನಿಂತಿದ್ದೆವು. ಪದ್ಮರಾಜರು ಬಸ್ಸಿನಿಂದ ಇಳಿದರು. ಹೆಗಲ ಮೇಲೆ ಆ ಕೆಂಪು ಕಟ್ಟು. ಯಾರ ಮುಖವನ್ನೂ ನೋಡದೆ ಮೆಟ್ಟಿಲುಗಳ ಕಡೆಗೆ ನಡೆದರು. ಹಿಂದಿನಿಂದ ಜನ ಕೂಗು ಹಾಕಿದರು. ಸಂಜೀವ ಕುಂಟುತ್ತಲೇ ಮುಂದೆ ಹೊರಟರು. ಮೊದಲ ಮೆಟ್ಟಿಲಿನ ಹತ್ತಿರ ಪದ್ಮರಾಜರು ನಿಂತು, ತಲೆಯೆತ್ತಿ ಬಂಡೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕಟ್ಟನ್ನು ಹೆಗಲಿನಿಂದ ಇಳಿಸಿ, ನಾಲ್ಕು ಮಂದಿಯನ್ನು ಕರೆದು, ನಾಲ್ಕು ಮರಗಳಿಗೆ ಅದರ ಅಂಚುಗಳನ್ನು ಕಟ್ಟಿಸಿದರು.

ನೆರಳಿನ ಕೆಳಗೆ ಒಂದು ಕಲ್ಲು ಹತ್ತಿ ನಿಂತು ಅವರು ನನ್ನನ್ನು ಬೈಯತೊಡಗಿದರು, ನನ್ನ ತಿದ್ದುಪಡಿಯನ್ನೇ ಬಾಯಿಪಾಠ ಮಾಡಿ ಬಂದವರ ಹಾಗೆ. "ನಾನು ತೋರಿಸ್ತೇನೆ ಅಂದದ್ದು, ಈ ಮಹಾರಾಯರು ಹಾರ್ತೇನೆ ಅಂತ ಬರೆದದ್ದು! ಕಿವಿಯಲ್ಲಿ ಏನು ಹಾಕಿಕೊಂಡು ಕೂತಿದ್ದರೋ! ಇವರ ಪೇಪರು ನಂಬಿ ನೀವು ಇಷ್ಟು ದೂರ ಬಂದಿರಿ!" ಜನ ನನ್ನತ್ತ ತಿರುಗಿ ತಮ್ಮ ಪಾಲಿನದ್ದನ್ನೂ ಸೇರಿಸಿದರು. ಒಬ್ಬರು ಬಸ್ಸಿನ ಖರ್ಚು ಕೇಳಿದರು. ನಾನು ತಲೆ ತಗ್ಗಿಸಿ ನಿಂತೆ. ಅವರ ದನಿ ಬಂಡೆಗೆ ಬಡಿದು ಮರಳಿ ಬರುತ್ತಿತ್ತು. ಒಳ್ಳೆಯ, ತುಂಬಿದ ಉಸಿರಿನ ದನಿ.

ಸಾಕಷ್ಟು ಬೈದ ಮೇಲೆ ಇಳಿದು ನನ್ನ ಹತ್ತಿರ ಬಂದು, ನೀರು ಕುಡಿಯುವ ನೆವದಲ್ಲಿ ಬಗ್ಗಿ, "ಸಾಕಾ?" ಎಂದು ಪಿಸುಗುಟ್ಟಿದರು.

"ಇನ್ನೂ ಸ್ವಲ್ಪ ಬೈಯಿರಿ" ಎಂದೆ. "ಹಿಂದೆ ನಿಂತವರಿಗೆ ಕೇಳಿಲ್ಲ."