ಡಬ್ಬಿಗಳ ಮೇಲೆ ಹೊರಿಸಿದ ಸದ್ದು

ನಮ್ಮ ಕಾರಿನಲ್ಲಿ ಯಾವ ಸದ್ದು ಬಂದರೂ ನಾನು ಮೊದಲು ಬೈಯುತ್ತಿದ್ದದ್ದು ಡಿಕ್ಕಿಯಲ್ಲಿರುವ ಸ್ಟೀಲ್ ಡಬ್ಬಿಗಳನ್ನು. ಬೈಯಲು ಕಾರಣವೂ ಇತ್ತು ಅನ್ನಿ. ಆ ಡಿಕ್ಕಿಯಲ್ಲಿ ಡಬ್ಬಿ ಇಲ್ಲದ ದಿನವೇ ಕಡಿಮೆ. ನನ್ನ ಅಕ್ಕ ಇರುವುದು ಸೊರಬದ ಕಡೆ ಜಡೆ ಎಂಬ ಊರಿನಲ್ಲಿ, ನಾನಿರುವುದು ಶಿಕಾರಿಪುರದಲ್ಲಿ. ಇಬ್ಬರೂ ಒಂದೇ ತಾಯಿಯ ಕೈಕೆಳಗೆ ಬೆಳೆದವರಾದ್ದರಿಂದ ಇನ್ನೊಬ್ಬರ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ಇಬ್ಬರಿಗೂ ರಕ್ತದಲ್ಲೇ ಬಂದಿದೆ. ನಾನು ಚಟ್ನಿಪುಡಿ ತುಂಬಿ ಕೊಡುತ್ತೇನೆ, ಅವಳು ಅದೇ ಡಬ್ಬಿಗೆ ಮಿಡಿ ಉಪ್ಪಿನಕಾಯಿ ತುಂಬಿ ಕೊಡುತ್ತಾಳೆ. ಉಪ್ಪಿನಕಾಯಿ ಮುಗಿದ ಮೇಲೆ ಚಕ್ಕುಲಿ ಹೋಗುತ್ತದೆ, ಚಕ್ಕುಲಿಯ ಜಾಗದಲ್ಲಿ ಹಪ್ಪಳದ ಹಿಟ್ಟು ಬರುತ್ತದೆ. ಮೊದಲ ಡಬ್ಬಿ ಯಾರದ್ದಾಗಿತ್ತು ಎಂದು ಈಗ ನಮ್ಮಿಬ್ಬರಿಗೂ ತಿಳಿಯದು. ಕೇಳುವುದೂ ಒಳ್ಳೆಯದಲ್ಲ.

ಹೀಗಾಗಿ ರಸ್ತೆಯ ಗುಂಡಿಯೊಳಗೆ ಚಕ್ರ ಇಳಿದಾಗ 'ಟಕ್' ಎಂದರೆ ಅದು ಡಬ್ಬಿಯೇ. ಆನವಟ್ಟಿಯ ತಿರುವಿನಲ್ಲಿ 'ಟಕ್ ಟಕ್' ಎಂದರೆ ಡಬ್ಬಿಯ ಮುಚ್ಚಳ. ನಾನು ಅವುಗಳಿಗೆ ಹಳೆಯ ನೂಲಿನ ಸೀರೆ ಸುತ್ತಿದೆ. ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದೆ. ಎರಡು ಡಬ್ಬಿಗಳ ನಡುವೆ ಟವೆಲ್ ತುರುಕಿದೆ, ಜಗಳವಾಡುವ ಮಕ್ಕಳ ನಡುವೆ ಅಜ್ಜಿಯನ್ನು ಮಲಗಿಸಿದ ಹಾಗೆ. ಪ್ರತಿ ಸಲವೂ ಸದ್ದು ಸ್ವಲ್ಪ ಕಡಿಮೆಯಾಯಿತು ಅನ್ನಿಸುತ್ತಿತ್ತು. ಪಟ್ಟ ಶ್ರಮಕ್ಕೆ ಅಷ್ಟಾದರೂ ಅನ್ನಿಸಬೇಕಲ್ಲ! ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಕಾರಿನ ಸಕಲ ಸದ್ದಿಗೂ ಅವರ ಬಳಿ ಇದ್ದದ್ದು ಒಂದೇ ಮದ್ದು, ರೇಡಿಯೋ ಜೋರು ಮಾಡುವುದು.

ಸದ್ದಿನ ಜೊತೆಗೆ ಇನ್ನೊಂದು ವಿಷಯವೂ ಇತ್ತು. ಸ್ಟೀರಿಂಗ್ ನೆಟ್ಟಗೆ ಹಿಡಿದರೆ ಕಾರು ಮೆಲ್ಲಗೆ ಎಡಕ್ಕೆ, ಚರಂಡಿಯ ಕಡೆಗೆ, ವಾಲುತ್ತಿತ್ತು. ನಾನು ಚೂರು ಬಲಕ್ಕೆ ತಿರುಗಿಸಿ ಹಿಡಿದುಕೊಂಡೇ ಹೋಗುತ್ತಿದ್ದೆ. ನಮ್ಮ ಕಡೆಯ ರಸ್ತೆಯೇ ಹಾಗೆ, ಎಡಕ್ಕೆ ವಾಲಿದೆ ಎಂದು ನಂಬಿದ್ದೆ. ಮರಳಿ ಬರುವಾಗಲೂ ಅದು ಎಡಕ್ಕೇ ವಾಲುತ್ತದಲ್ಲ, ಅದು ಹೇಗೆ ಎಂಬ ಪ್ರಶ್ನೆ ನನಗೆ ಒಮ್ಮೆಯೂ ಹೊಳೆಯಲಿಲ್ಲ. ಹೊಳೆಯಬೇಕಾಗಿದ್ದ ಗಣಿತದ ಮೇಷ್ಟ್ರು ರೇಡಿಯೋ ಕೇಳುತ್ತಿದ್ದರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ನಮಗೆ ವಿಜ್ಞಾನ ಹೇಳುತ್ತಿದ್ದ ಸಿಸ್ಟರ್ ಬೋರ್ಡಿನ ಮೇಲೆ ಬರೆಯುವಾಗ ತರಗತಿಯಲ್ಲಿ ಪಿಸಪಿಸ ಕೇಳಿದರೆ ಹಿಂದೆ ತಿರುಗಿಯೂ ನೋಡದೆ "ಲಾಸ್ಟ್ ಬೆಂಚ್, ಸ್ಟ್ಯಾಂಡ್ ಅಪ್!" ಎನ್ನುತ್ತಿದ್ದರು. ಪಾಪ, ಕೊನೆಯ ಬೆಂಚಿನವರು ನಿಂತುಕೊಳ್ಳುತ್ತಿದ್ದರು. ಮಾತಾಡಿದ್ದು ಮುಂದಿನ ಬೆಂಚಿನಲ್ಲಿ ಎರಡು ಜಡೆ ಹಾಕಿ, ಕೈಕಟ್ಟಿ ಕೂತಿದ್ದ ನಾನು. ಅಂಥ ನಾನೇ ದೊಡ್ಡವಳಾಗಿ ಕಾರು ಓಡಿಸುವಾಗ ಸಿಸ್ಟರರ ನ್ಯಾಯವನ್ನೇ ಡಿಕ್ಕಿಗೆ ಅನ್ವಯಿಸಿದ್ದೆ. ಸದ್ದು ಮುಂದಿನ ಬೆಂಚಿನಿಂದಲೂ ಬರಬಹುದು ಎಂದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕಿತ್ತು?

ಇಷ್ಟೆಲ್ಲ ಸದ್ದಿದ್ದರೂ ಆ ಕಾರನ್ನು ನಂಬಿ ನಾನೊಂದು ಮಾತು ಕೊಟ್ಟುಬಿಟ್ಟಿದ್ದೆ. ಅಕ್ಕನ ಮಗಳು ಅನಿತಾ ಚೊಚ್ಚಲ ಬಾಣಂತನಕ್ಕೆ ಜಡೆಗೆ ಬಂದಿದ್ದಳು. ಅವಳನ್ನು ನೋಡುತ್ತಿದ್ದ ಡಾಕ್ಟರಮ್ಮ ಇದ್ದದ್ದು ಶಿಕಾರಿಪುರದಲ್ಲಿ. ಬಾಡಿಗೆ ಕಾರಿನವರು ಓಡಿಸುವ ಜೋರಿಗೆ ಅನಿತಾಗೆ ಊರು ದಾಟುವ ಮೊದಲೇ ವಾಂತಿ. "ಚಿಕ್ಕಮ್ಮ, ನೀನೇ ಬಂದು ಕರ್ಕೊಂಡು ಹೋಗ್ಬೇಕು. ಬೇರೆ ಯಾರ ಕಾರೂ ನಾ ಹತ್ತೂದಿಲ್ಲ ನೋಡು" ಎಂದು ಕೈ ಹಿಡಿದುಕೊಂಡಳು. ಅಷ್ಟು ದೊಡ್ಡ ಹೊಟ್ಟೆ ಹೊತ್ತವಳು ಕೇಳಿದರೆ ಯಾರು ತಾನೇ ಇಲ್ಲ ಅಂದಾರು? "ನೋವು ಶುರುವಾಯ್ತು ಅಂತ ಒಂದು ಫೋನ್ ಮಾಡು, ಸಾಕು" ಅಂದೆ.

ಆ ಮಾತು ಕೊಟ್ಟದ್ದು ಅವಳ ಸೀಮಂತದ ದಿನ. ಅವತ್ತು ನನ್ನ ಜೊತೆ ಅತ್ತೆಯೂ ಬಂದಿದ್ದರು. ಹೊರಡುವಾಗ ಅಕ್ಕ ನಮ್ಮ ದೊಡ್ಡ ಡಬ್ಬಿಗೆ ಹೋಳಿಗೆ ತುಂಬಿ ಕೊಟ್ಟಳು. ನನ್ನ ಡ್ರೈವಿಂಗಿನ ಮೇಲೆ ಅತ್ತೆಗೆ ನಂಬಿಕೆ ಇದೆ, ಆದರೆ ಹೋಳಿಗೆಯ ವಿಷಯದಲ್ಲಿ ಇಲ್ಲ. "ಡಿಕ್ಕಿಯಾಗ ಇಟ್ರೆ ಪುಡಿ ಆಗ್ತೈತಿ" ಎಂದು ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡರು. ಆನವಟ್ಟಿ ದಾಟಿದ ಮೇಲೆ ಒಂದು ತಗ್ಗಿದೆ. ಅಲ್ಲಿ ಕಾರು ಇಳಿಸಿದೆ. 'ಟಕ್!'

"ಹಾಳು ಡಬ್ಬಿ" ಎಂದೆ, ರೂಢಿಯಂತೆ.

ಹಿಂದಿನ ಸೀಟಿನಿಂದ ಅತ್ತೆ, "ಏ ಸುಮಾ, ಡಬ್ಬಿ ನನ್ನ ತೊಡಿ ಮ್ಯಾಲೈತಿ. ಮತ್ತ ಯಾವ ಡಬ್ಬಿ ಬಡ್ಕೊಳ್ಳಾಕತ್ತೈತಿ?" ಅಂದರು.

ಕಾರು ನಿಲ್ಲಿಸಿ ಡಿಕ್ಕಿ ತೆರೆದು ನೋಡಿದೆ. ಒಳಗೆ ಸ್ಟೆಪ್ನಿ ಮತ್ತು ಒಂದು ಕೊಡೆ ಇದ್ದವು. ಎರಡೂ ಸಂಭಾವಿತರಂತೆ ತೆಪ್ಪಗಿದ್ದವು. ಸೀರೆ ಸುತ್ತಿಸಿಕೊಂಡು ಬೈಸಿಕೊಂಡ ಅಷ್ಟೂ ಡಬ್ಬಿಗಳು ನೆನಪಾಗಿ ನನ್ನ ಮುಖ ಬಿಸಿಯಾಯಿತು. ಉಳಿದ ದಾರಿಯನ್ನು ಎತ್ತಿನ ಗಾಡಿಗಿಂತ ನಿಧಾನವಾಗಿ ಬಂದೆ.

ಮರುದಿನ ಬೆಳಿಗ್ಗೆ ಗುತ್ಯಪ್ಪನ ಗ್ಯಾರೇಜಿಗೆ ಹೋದೆ. ಗುತ್ಯಪ್ಪ ಸೊರಬದ ಕಡೆಯವನು, ನಮ್ಮೂರಿನಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಮಾತು ಅವನ ಪಾನಾಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಸದ್ದನ್ನು ಕೇಳುವ ಮೊದಲೇ "ಸೈಲೆನ್ಸರ್ ಕ್ಲಾಂಪ್ ಅಕ್ಕಾರೆ, ಕಣ್ ಮುಚ್ಚಿ ಹೇಳ್ತೀನಿ" ಎಂದು ಅದನ್ನು ಬಿಗಿಮಾಡಿದ. ಒಂದು ಸುತ್ತು ಓಡಿಸಿಕೊಂಡು ಬಂದ. ಸದ್ದು ಅವನ ಜೊತೆಗೇ ಹೋಗಿ ಅವನ ಜೊತೆಗೇ ಬಂತು. ಕೆಳಗಿಳಿದವನು, "ನಾ ಆಗ್ಲೇ ಹೇಳ್ಲಿಲ್ವಾ, ಸೈಲೆನ್ಸರ್ ಅಲ್ಲ ಅಂತ!" ಎಂದ. ಆ ಧೈರ್ಯ ನನಗೆ ಬಹಳ ಹಿಡಿಸಿತು.

ಆಮೇಲೆ ಜಾಕ್ ಕೊಟ್ಟು ಎಡ ಚಕ್ರವನ್ನು ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಚಕ್ರ ಬೀಳಲಿರುವ ಹಾಲುಹಲ್ಲಿನಂತೆ ಲೊಡಲೊಡ ಅಂದಿತು. ಗುತ್ಯಪ್ಪನ ಮಾತು ನಿಂತುಹೋಯಿತು. ಅದನ್ನು ಕಂಡು ನನಗೆ ನಿಜವಾಗಿ ಭಯವಾಯಿತು.

"ಚಕ್ರ ಹಿಡ್ಕೊಂಡಿರೋ ಬಾಲ್ ಜಾಯಿಂಟ್ ಹೋಗೈತ್ರೀ. ಸ್ಟೀರಿಂಗ್ ತಿರುಗಿಸೋ ಟೈ ರಾಡ್ ಎಂಡೂ ಸವ್ದೈತಿ. ಇನ್ನೊಂದ್ ದೊಡ್ ಗುಂಡಿಗೆ ಬಿದ್ದಿದ್ರೆ ಚಕ್ರ ಕಳಚ್ಕೊಂಡು ಅಡ್ಡಾ ಮಲಗ್ತಿತ್ತು. ಇದನ್ ತಗೊಂಡು ಜಡೆಗಂಟ ಹೋಗಿದ್ರಾ?"

ಹೋಗಿದ್ದೆ. ಹೋಗಿ, ಇದರಲ್ಲೇ ಬಂದು ನಿನ್ನನ್ನು ಕರೆದೊಯ್ಯುತ್ತೇನೆ ಎಂದು ಬಸುರಿ ಹುಡುಗಿಗೆ ಮಾತು ಕೊಟ್ಟು ಬಂದಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಯಜಮಾನರು, "ಹಳೇ ಗಾಡಿ, ಕೊಟ್ಟುಬಿಡೋಣ. ಅನಿತಾಗೆ ಟ್ಯಾಕ್ಸಿ ಹೇಳಿದ್ರಾಯ್ತು" ಎಂದರು. ಹೆದರಿ ಆಡಿದ ಮಾತು ಎಂದು ನನಗೆ ತಿಳಿಯಿತು. ಅಷ್ಟರಲ್ಲಿ ಅತ್ತೆ ಸಾರು ಬಡಿಸಿಕೊಳ್ಳುತ್ತ, "ಹೌದಪ್ಪ, ಹಳೇವೆಲ್ಲಾ ಕೊಟ್ಬಿಡು. ನನಗೂ ಒಂದ್ ಗಿರಾಕಿ ನೋಡು" ಅಂದರು. ಯಜಮಾನರು ತಟ್ಟೆಯ ಮೇಲೆ ಬಗ್ಗಿ ನಕ್ಕುಬಿಟ್ಟರು. ರಿಪೇರಿ ಎಂದು ತೀರ್ಮಾನವಾಯಿತು.

ಸಾಮಾನು ಶಿವಮೊಗ್ಗದಿಂದ ಬಸ್ಸಿನ ಕಂಡಕ್ಟರರ ಸೀಟಿನ ಕೆಳಗೆ ಕೂತು ಬಂತು. ಕೆಟ್ಟದ್ದು ಎಡಗಡೆಯದಲ್ಲವೇ, ಬಲಗಡೆಯದೂ ಯಾಕೆ ಎಂದು ನಾನು ಗುತ್ಯಪ್ಪನನ್ನು ಕೇಳಿದೆ. "ಒಂದ್ ಕಾಲಿಗೆ ಮಾತ್ರ ಹೊಸಾ ಚಪ್ಲಿ ಹಾಕ್ತೀರೇನ್ರೀ?" ಅಂದ. ಹೊಸ ಬಾಲ್ ಜಾಯಿಂಟನ್ನು ಕೈಯಲ್ಲಿ ಹಿಡಿದು ನೋಡಿದೆ. ಒಂದು ಬಟ್ಟಲು, ಅದರೊಳಗೊಂದು ಗುಂಡು, ಸುತ್ತ ಗ್ರೀಸು, ಮೇಲೊಂದು ರಬ್ಬರಿನ ಟೊಪ್ಪಿಗೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಸಿಸ್ಟರ್ ತಮ್ಮ ಮುಷ್ಟಿಯನ್ನು ಇನ್ನೊಂದು ಅಂಗೈಯಲ್ಲಿಟ್ಟು ಗರಗರ ತಿರುಗಿಸಿ, ನಮ್ಮ ಸೊಂಟದ ಮೂಳೆ ಹೀಗೆ ಕೂತಿದೆ ಎಂದು ತೋರಿಸಿದ್ದರು. ಅವತ್ತು ನಾವು ನಕ್ಕಿದ್ದು ಸಿಸ್ಟರ್ ಬಾಯಲ್ಲಿ ಸೊಂಟ ಎಂಬ ಮಾತು ಬಂತೆಂದು. ಕಾರಿಗೂ ಸೊಂಟವಿದೆ, ಅದೂ ಸವೆಯುತ್ತದೆ ಎಂದು ತಿಳಿಯಲು ಇಷ್ಟು ಕಾಲ ಬೇಕಾಯಿತು. ಮನೆಯಲ್ಲಿ ಹೇಳಿದರೆ ಅತ್ತೆಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಅವರ ಅಪ್ಪ ಎತ್ತಿನ ಗಾಡಿ ಕಟ್ಟುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದರಂತೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಬಿದಿರಿನ ಗೊಟ್ಟದಲ್ಲಿಟ್ಟು ಗಾಡಿಯ ಕೆಳಗೇ ತೂಗುಹಾಕುತ್ತಿದ್ದರಂತೆ. "ಚಕ್ರ ಒದರಿದ್ರೆ ಎತ್ತಿಗೆ ಬೈತಿದ್ದಿಲ್ಲ ನಮ್ಮಪ್ಪ" ಎಂದು ಸೇರಿಸಿದರು. ಅದು ನನ್ನ ಡಬ್ಬಿಗಳ ಪರವಾಗಿ.

ಕೆಲಸ ನಡೆದ ದಿನ ಗ್ಯಾರೇಜಿಗೆ ಒಂದು ಡಬ್ಬಿ ಮಂಡಕ್ಕಿ ಒಗ್ಗರಣೆ ಕಳಿಸಿದ್ದೆ. ಸಂಜೆ ಕಾರು ತರಲು ಹೋದಾಗ ಗುತ್ಯಪ್ಪ ಆ ಡಬ್ಬಿಯನ್ನು ದಾರ ಕಟ್ಟಿ ಕೊಟ್ಟ. "ಡಬ್ಬಿ ಖಾಲಿ ಕೊಡಬಾರ್ದಲ್ರೀ ಅಕ್ಕಾರೆ. ನಮ್ಮವ್ವ ಬೈತಾಳೆ" ಅಂದ. ಡಬ್ಬಿ ಒಳ್ಳೆ ಭಾರವಿತ್ತು. ಮನೆಯಲ್ಲಿ ಅತ್ತೆ ಅದನ್ನು ತೂಗಿ ನೋಡಿ, "ಮೈಸೂರ್ ಪಾಕ್ ಇರ್ಬೇಕು" ಎಂದು ಆಸೆಯಿಂದ ದಾರ ಬಿಚ್ಚಿದರು. ಪೆಟ್ರೋಲಿನಲ್ಲಿ ತೊಳೆದು, ಪೇಪರಿನಲ್ಲಿ ಸುತ್ತಿ ಇಟ್ಟದ್ದು ನಮ್ಮ ಹಳೆಯ ಬಾಲ್ ಜಾಯಿಂಟು. ಅವನ ಗ್ಯಾರೇಜಿನಲ್ಲಿ ಕೊಡಲು ಬೇರೆ ಏನು ತಾನೇ ಇತ್ತು? ಅತ್ತೆ ಅವತ್ತೆಲ್ಲ ನಗುತ್ತಲೇ ಇದ್ದರು.

ಹೊಸ ಕೀಲುಗಳ ಕಾರನ್ನು ಓಡಿಸಿದ ಮೊದಲ ದಿನ ಅದು ಬಲಕ್ಕೆ ಎಳೆಯತೊಡಗಿತು. ನೇರ ಗುತ್ಯಪ್ಪನ ಬಳಿಗೆ ಹೋಗಿ ದೂರು ಹೇಳಿದೆ. ಪಕ್ಕದಲ್ಲಿ ಕೂತು ಒಂದು ಸುತ್ತು ಬಂದವನು, "ಸ್ಟೀರಿಂಗ್ ಒಂಚೂರು ಕೈ ಸಡ್ಲ ಬಿಡ್ರೀ" ಅಂದ. ಬಿಟ್ಟೆ. ಕಾರು ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು. "ಅಲೈನ್‌ಮೆಂಟ್ ಬರೋಬರಿ ಐತಿ. ಗಾಡಿ ರಿಪೇರಿ ಆತು, ಇನ್ನು ನಿಮ್ ಕೈ ರಿಪೇರಿ ಆಗ್ಬೇಕು" ಎಂದ. ವಾಲಿದ್ದನ್ನು ಸರಿಮಾಡಿ ಸರಿಮಾಡಿ ನನ್ನ ಕೈಯೇ ವಾಲಿಬಿಟ್ಟಿತ್ತು. ನೆಟ್ಟಗಿರುವುದನ್ನು ನೆಟ್ಟಗೆ ಬಿಡಲು ಕಲಿಯುವುದು ಕಾರು ಕಲಿತದ್ದಕ್ಕಿಂತ ಕಷ್ಟವಾಯಿತು.

ಕೈ ರಿಪೇರಿಯಾಗುವಷ್ಟರಲ್ಲಿ ಅಕ್ಕನ ಫೋನು ಬಂತು. ಬೆಳಗಿನ ತಿಂಡಿಯ ಹೊತ್ತು. ಜಡೆ ಮುಟ್ಟಿದಾಗ ಅನಿತಾ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಆದರೆ ಅಕ್ಕನೇ ಇಲ್ಲ! ಕೂಗಿದರೆ ಅಡುಗೆಮನೆಯಿಂದ, "ಬಂದೆ ಮಾರಾಯ್ತಿ, ನಿನ್ನ ಹೋಳಿಗೆ ಡಬ್ಬಿ ಇಲ್ಲೇ ಉಳಿದಿತ್ತಲ್ಲ!" ಎಂಬ ಉತ್ತರ. ಸೀಮಂತದ ಹೋಳಿಗೆ ಬಂದಿದ್ದ ಆ ಡಬ್ಬಿಗೆ ನಾನು ಕಳೆದ ವಾರ ಕೋಡುಬಳೆ ತುಂಬಿ ಕಳಿಸಿದ್ದೆ. ಮಗಳು ನೋವಿನಿಂದ ತುಟಿ ಕಚ್ಚುತ್ತಿದ್ದರೆ ಇವಳು ಅದಕ್ಕೆ ಅವಲಕ್ಕಿ ತುಂಬುತ್ತಿದ್ದಳು.

"ಅಕ್ಕಾ, ನಿನಗೆ ತಲೆ ಸರಿ ಇದ್ಯಾ?"

"ಖಾಲಿ ಡಬ್ಬಿ ಹೆಂಗೆ ಕೊಡ್ಲೇ? ಅದೂ ಇಂಥಾ ದಿನ!" ಎಂದು ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟು ಮಗಳ ಪಕ್ಕ ಕೂತು ಅತ್ತಳು.

ಆನವಟ್ಟಿ ದಾಟಿದ ಮೇಲಿನ ಆ ತಗ್ಗು ಬಂತು. ನಾನು ಉಸಿರು ಬಿಗಿಹಿಡಿದು ಇಳಿಸಿದೆ. ಕಾರು ಮೆತ್ತಗೆ ಬಗ್ಗಿ, ಮೆತ್ತಗೆ ಎದ್ದಿತು. ಅಷ್ಟೇ. ಸ್ವಲ್ಪ ಮುಂದೆ ಹೋದ ಮೇಲೆ, ನೋವಿನ ಎರಡು ಅಲೆಗಳ ನಡುವೆ ಅನಿತಾ ಕೇಳಿದಳು. "ಚಿಕ್ಕಮ್ಮ, ಇವತ್ತು ಡಿಕ್ಕೀಲಿ ಡಬ್ಬಿ ಇಟ್ಟಿಲ್ವಾ?"

"ಇದೆ ಕಣೆ" ಎಂದೆ. ಅದಕ್ಕಿಂತ ಹೆಚ್ಚು ಮಾತಾಡಿದ್ದರೆ ನಾನೂ ಅತ್ತುಬಿಡುತ್ತಿದ್ದೆ. ಸಂಜೆಯೊಳಗೆ ಹೆಣ್ಣು ಮಗು ಹುಟ್ಟಿತು. ತಾಯಿಗಿಂತ ಜೋರು ಗಂಟಲು.

ಆ ಹಳೆಯ ಬಾಲ್ ಜಾಯಿಂಟು ಈಗ ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ. ಅದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಟೊಪ್ಪಿಗೆ ಹರಿದು, ಗ್ರೀಸು ಸೋರಿ, ಬಟ್ಟಲಿಗೆ ಧೂಳು ತುಂಬಿದರೂ ಅದು ನಮ್ಮನ್ನು ಕೈಬಿಡಲಿಲ್ಲ. ತನಗೆ ಆಗುವುದಿಲ್ಲವೆಂದು ಗುಂಡಿ ಗುಂಡಿಗೂ ಹೇಳಿತು. ನಾನು ಡಬ್ಬಿಗೆ ಬೈದೆ. ಆದರೂ ಮನೆ ಮುಟ್ಟಿಸಿತು. ಕಬ್ಬಿಣಕ್ಕೆ ಕೃತಜ್ಞತೆ ಹೇಳುವುದು ಹೇಗೆಂದು ತಿಳಿಯದೆ ಆಗಾಗ ಅದರ ಮೇಲಿನ ಧೂಳು ಒರೆಸುತ್ತೇನೆ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ನಮ್ಮ ಅಡುಗೆಮನೆಯಲ್ಲಿ ಒಂದು ಮರದ ಸ್ಟೂಲಿದೆ. ಅತ್ತೆ ಅದರ ಮೇಲೆ ಕೂತು ಸೊಪ್ಪು ಬಿಡಿಸುತ್ತಾರೆ. ಎದ್ದಾಗಲೆಲ್ಲ ಅದು 'ಕಟಕ್' ಎನ್ನುತ್ತದೆ. ಅದರ ಕಾಲಿಗೆ ಮೊಳೆ ಹೊಡೆಯಿರಿ ಎಂದು ಯಜಮಾನರಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ಮೊನ್ನೆ ಸ್ಟೂಲಿಗೆ ಬಣ್ಣ ಹೊಡೆದು ಅಂಗಳದಲ್ಲಿ ಒಣಗಲು ಇಟ್ಟಿದ್ದೆವು. ಅತ್ತೆ ಕುರ್ಚಿಯಿಂದ ಎದ್ದರು. 'ಕಟಕ್!'

ನಾನು ಹಿಡಿದಿದ್ದ ಲೋಟ ಕೆಳಗಿಟ್ಟು ಅವರನ್ನೇ ನೋಡಿದೆ. "ಅತ್ತೆ, ಆ ಸದ್ದು..."

"ನಂದೇ ಕಣವ್ವ, ಮಂಡಿದು" ಅಂದರು. "ನೀನು ಸ್ಟೂಲಿಗೆ ಬೈಯಾಕತ್ತಿದ್ದಿ. ಇರ್ಲಿ ಬಿಡು ಅಂತ ಸುಮ್ಕಿದ್ದೆ."

ಡಾಕ್ಟರರಿಗೆ ತೋರಿಸಿಕೊಂಡು ಬಂದೆವು. ಅವರು ಹೇಳಿದ ಮಾತ್ರೆ, ವ್ಯಾಯಾಮಗಳ ಜೊತೆಗೆ ದಿನಾ ಸಂಜೆ ನಾನು ಎಣ್ಣೆ ಬೆಚ್ಚಗೆ ಮಾಡಿ ಅವರ ಮಂಡಿಗೆ ತಿಕ್ಕುತ್ತೇನೆ. ಮೊದಲ ದಿನ ತಿಕ್ಕಿ ಮುಗಿಸಿ ಖಾಲಿಯಾದ ಎಣ್ಣೆ ಬಟ್ಟಲಿಗೆ ಕೈ ಚಾಚಿದೆ. "ತಡಿ" ಎಂದರು ಅತ್ತೆ. ತಮ್ಮ ಎಲೆಯಡಿಕೆ ಚೀಲದೊಳಗೆ ಬೆರಳಾಡಿಸಿ, ಹುಡುಕಿ, ಒಂದು ಹರಳು ಕಲ್ಲುಸಕ್ಕರೆ ತೆಗೆದು ಬಟ್ಟಲಿಗೆ ಹಾಕಿದರು. ಆಮೇಲೆ ಕೊಟ್ಟರು.