ಎರಡು ತಂಡಕ್ಕೂ ಹಾಡು ಕೊಟ್ಟ ಅಕ್ಕ

ಅಕ್ಕನ ಬಲಗೈ ಬೆರಳಿನ ಗೆಣ್ಣುಗಳು ಜಡ್ಡುಗಟ್ಟಿದ್ದವು. ನಂಜನಗೂಡು-ನರಸೀಪುರದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಅವರು, ಕಂಬಿಗೆ ಆ ಗೆಣ್ಣಿನಿಂದಲೇ ತಾಳ ಕುಟ್ಟುತ್ತ ಪದ ಕಟ್ಟುತ್ತಿದ್ದರು. ಮನೆಗೆ ಹೋದ ಮೇಲೆ ಅವರ ಗಂಡ, ನಮ್ಮೆಲ್ಲರ ಪಾಲಿಗೆ ಭಾವ, ಹಾರ್ಮೋನಿಯಂ ಎಳೆದುಕೊಂಡು ಅದಕ್ಕೆ ರಾಗ ಹಾಕುತ್ತಿದ್ದರು. ಕಾಲೇಜು ಕಾಲದಲ್ಲಿ ನಾವು ನಾಲ್ವರು ಕಟ್ಟಿದ್ದ ತಂಡ ಹಾಡಿದ್ದೆಲ್ಲ ಈ ಗಂಡಹೆಂಡಿರ ಹಾಡುಗಳನ್ನೇ. ಮದುವೆ, ಗಣಪತಿ ಪೆಂಡಾಲು ಎಲ್ಲ ಕಡೆಯೂ ಕರೆಯುತ್ತಿದ್ದರು, ಒಂದು ಸಿ.ಡಿ.ಯೂ ಬಂದಿತ್ತು. ನಾನು ರಿದಂ ಪ್ಯಾಡ್ ಬಾರಿಸುತ್ತಿದ್ದೆ.

ಆಮೇಲೆ ನಮ್ಮ ಮುಖ್ಯ ಗಾಯಕ ತಂಡದ ಹೆಸರನ್ನು ತನ್ನೊಬ್ಬನ ಹೆಸರಿಗೆ ನೋಂದಾಯಿಸಿಕೊಂಡ. ಜಗಳವಾಯಿತು, ಚದುರಿದೆವು. ಅವನು ಹೊಸಬರನ್ನು ಸೇರಿಸಿಕೊಂಡು ಹಳೆಯ ಹೆಸರಿನಲ್ಲೇ ಹಾಡಿಕೊಂಡಿದ್ದ. ಎಷ್ಟೋ ವರ್ಷದ ಮೇಲೆ, ಹೆಂಗಸರಿಗೆ ಬಸ್ಸು ಫ್ರೀಯಾಗಿ ಅಕ್ಕನಿಗೇ ನಿಲ್ಲಲು ಜಾಗವಿಲ್ಲದ ಹೊತ್ತಿನಲ್ಲಿ, ಉಳಿದ ಮೂವರು ನರಸೀಪುರದ ಅವರ ಮನೆಗೆ ಹೋದೆವು.

'ಅಕ್ಕಾ, ಮತ್ತೆ ಸುರು ಮಾಡ್ತೀವಿ. ಆದ್ರೆ ಅಳೇ ಎಸ್ರು ಅವನತ್ರ ಅದೆ,' ಎಂದೆ.

'ಎಸ್ರು ಬಂದು ಪದ ಆಡ್ತದೇನ್ಲಾ? ಬ್ಯಾರೆ ಮಡಿಕಳಿ,' ಎಂದು ನಕ್ಕರು.

'ಕೂಡುಹೊಳೆ' ಎಂದು ಹೆಸರಿಟ್ಟುಕೊಂಡೆವು. ಮೊದಲ ಕಾರ್ಯಕ್ರಮ ಹೆಮ್ಮರಗಾಲದ ಒಂದು ಮದುವೆಮನೆಯಲ್ಲಿ. 'ನೀವು ಆ ತಂಡದೋರೇ ತಾನೆ?' ಎಂದು ಯಾರೋ ಕೇಳಿದರು. ನಾನು ಹೌದೆಂದೆ, ನಮ್ಮ ಕೀಬೋರ್ಡಿನವನು ಅಲ್ಲವೆಂದ. ಯಾರು ಹೇಳಿದ್ದು ಸರಿಯೋ ನಮಗೇ ಗೊತ್ತಿರಲಿಲ್ಲ.

ಸ್ವಲ್ಪ ದಿನಕ್ಕೆ ಚಿಕ್ಕಯ್ಯನಛತ್ರದ ಟೀ ಅಂಗಡಿಯಲ್ಲಿ ಯಾರದೋ ಮೊಬೈಲಿನಿಂದ ನಮ್ಮ ಹಳೆಯ ಗಾಯಕನ ದನಿ ಕೇಳಿತು. ಹೊಸ ಹಾಡು. ಎರಡು ಸಾಲಿಗೇ ತಿಳಿಯಿತು: ಪದ ಅಕ್ಕನದು, ರಾಗ ಭಾವನದು. ಮೈ ಉರಿಯಿತು. ಸೀದಾ ಬಸ್‌ಸ್ಟ್ಯಾಂಡಿಗೆ ಹೋದೆ.

'ಅವ್ನಿಗೂ ಬರ್ಕೊಟ್ರಾ ಅಕ್ಕಾ?'

'ಬಂದು ಕೇಳ್ದ. ಕೊಟ್ಟೆ.'

'ನಮ್ಮನ್ನ ನಡುಬೀದೀಲಿ ಬುಟ್ಟೋದೋನು ಅವ್ನು!'

'ನಿಮ್ಮನ್ನ ಬುಟ್ಟ ಕಣ್ಲಾ. ಪದ ಆಡೋದ್ನ ಬುಡ್ನಿಲ್ವಲ್ಲ?' ಎಂದು ಸೀಟಿ ಊದಿ ಬಸ್ಸು ಹತ್ತಿಬಿಟ್ಟರು.

ಅವರು ಯಾರ ಕಡೆಯೆಂದು ತಿಳಿಯದೆ ನಿಂತಲ್ಲೇ ನಿಂತಿದ್ದೆ. ಮುಂದಿನ ವಾರ ನಮಗೂ ಒಂದು ಹಾಡು ಬಂತು. ಅದು ಅವನದಕ್ಕಿಂತ ಚೆನ್ನಾಗಿದೆಯೋ ಇಲ್ಲವೋ ಎಂದು ಮೂವರೂ ಕಿತ್ತಾಡಿದೆವು.

ಹೋದ ವರ್ಷ ಎದೆನೋವೆಂದು ಆಸ್ಪತ್ರೆ ಸೇರಿದ ಅಕ್ಕ ಮತ್ತೆ ಮನೆಗೆ ಬರಲಿಲ್ಲ. ತಿಥಿಯ ದಿನ ಶಾಮಿಯಾನದ ಕೆಳಗೆ ಭಾವ ಹಾರ್ಮೋನಿಯಂ ಮುಂದೆ ಕೂತಿದ್ದರು. ಅವನೂ ಬಂದಿದ್ದ. ಅಕ್ಕನ ಹಾಡು ಹಾಡಿ ಎಂದರು ಮನೆಯವರು. ಮೈಕಿನವನು ನನ್ನ ಕಿವಿಯಲ್ಲಿ, 'ಸಾ, ಯಾವ ತಂಡ ಅಂತ ಏಳನ?' ಎಂದ. ನಾನು ಗಾಯಕನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಅಷ್ಟರಲ್ಲಿ ಭಾವ ಶ್ರುತಿ ಹಿಡಿದರು. ಅವನು ಎತ್ತಿಕೊಂಡ, ನಾವು ಮೂವರೂ ದನಿಗೂಡಿಸಿದೆವು. ಮಧ್ಯದಲ್ಲಿ ಒಂದು ಸಾಲಿಗೆ ಅವನು ಮೈಕನ್ನು ನನ್ನ ಕಡೆ ತಿರುಗಿಸಿದ. ಆ ಸಾಲನ್ನು ನಾನೇ ಹಾಡಿ ದಾಟಿಸಿದೆ.

ಊಟವಾದ ಮೇಲೆ ತನ್ನ ವ್ಯಾನು ಹತ್ತುತ್ತ ಅವನು ನನ್ನ ಹೆಗಲು ಮುಟ್ಟಿ, 'ಬತ್ತೀನಿ ಕಣ್ಲಾ,' ಎಂದ. ಹೊರಡುವವರು ಎಲ್ಲರೂ ಆಡುವ ಮಾತೋ, ನಿಜವಾಗಿಯೂ ನಮ್ಮೊಂದಿಗೆ ಬರುತ್ತೇನೆ ಎಂದನೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ. ಕೇಳೋಣವೆಂದರೆ ಅಕ್ಕ ಇಲ್ಲ.