ಹುತ್ತಕ್ಕೆ ತೂರಿಸಿದ ಕಡ್ಡಿ

ಅರುವತ್ತರ ದಶಕದಲ್ಲಿ ಪುತ್ತೂರಿನ ಹತ್ತಿರದ ಶಾಲೆಯೊಂದರಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ವಿಜ್ಞಾನದ ಮಾಷ್ಟ್ರು ಕುರ್ಚಿಯಲ್ಲಿ ಕುಳಿತದ್ದನ್ನು ನಾನು ಕಾಣೆ. ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತ, ಗುಬ್ಬಿ ಗೂಡು ಕಟ್ಟುವುದನ್ನು ಕಂಡರೂ, "ಇದಕ್ಕೆ ಕಲಿಸಿದ್ದು ಯಾರು ಮಾರಾಯ್ರೆ?" ಎಂದು ಕೇಳುತ್ತಿದ್ದರು.

ಚಿಂಪಾಂಜಿಗಳು ಹುತ್ತದೊಳಗೆ ಹುಲ್ಲುಕಡ್ಡಿ ತೂರಿಸಿ ಗೆದ್ದಲು ಹಿಡಿದು ತಿನ್ನುತ್ತವೆ, ಮರಿಗಳು ತಾಯಿಯನ್ನು ನೋಡಿಯೇ ಅದನ್ನು ಕಲಿಯುತ್ತವೆ ಎಂದು ಪತ್ರಿಕೆಯಲ್ಲಿ ಓದಿದ ದಿನ ಅವರಿಗೆ ಗಂಟೆ ಹೊಡೆಯುವವರೆಗೂ ತಡೆಯಲಾಗಲಿಲ್ಲ. ಮಕ್ಕಳನ್ನೆಲ್ಲ ಶಾಲೆಯ ಹಿಂದಿನ ಹುತ್ತದ ಬಳಿಗೆ ಕರೆದೊಯ್ದು, ಕಡ್ಡಿ ತೂರಿಸಿಯೇಬಿಟ್ಟರು.

"ಎಂತ ಮಾಡುದು ನೀವು? ಅದರಲ್ಲಿ ನಾಗ ಉಂಟು!" ಎಂದು ನಾನು ಕೂಗಿದೆ.

ಮಾಷ್ಟ್ರ ಕೈಯಿಂದ ಕಡ್ಡಿ ಜಾರಿತು. ತಮಗೇ ಅರಿವಿಲ್ಲದೆ ಕೈ ಮುಗಿದರು. ಬೆನ್ನ ಹಿಂದೆ ಮಕ್ಕಳೂ ಕೈ ಮುಗಿದು ನಿಂತಿದ್ದರು. ತಿರುಗಿ ನೋಡಿದ ಮಾಷ್ಟ್ರು ಅಂದು ಮಾತ್ರ, ಕಲಿಸಿದ್ದು ಯಾರೆಂದು ಕೇಳಲಿಲ್ಲ.